ಸಿವಂಗಿಯ ಚರ್ಮ, ಬಾಳೆಯ ಬಾಟಲಿ

ನಮ್ಮ ಮಾವನವರು ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂರುತ್ತಿದ್ದದ್ದು ಸಿವಂಗಿಯ ಚರ್ಮದ ಮೇಲೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅದನ್ನು ಚಿರತೆಯದು ಅಂದುಬಿಟ್ಟಿದ್ದೆ. ಅವರಿಗೆ ಅದು ಅವಮಾನದಂತೆ ತಟ್ಟಿತು. ಚಿರತೆಯ ಮೈಮೇಲೆ ಚುಕ್ಕೆಗಳು ಹೂವಿನ ಹಾಗೆ ಗುಂಪುಗುಂಪಾಗಿರುತ್ತವೆ, ಸಿವಂಗಿಯದು ಬಿಡಿಬಿಡಿ, ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಿದಂತೆ ಎಂದು ಒಂದೊಂದನ್ನೇ ತೋರಿಸಿಕೊಟ್ಟರು. ಚೀತಾ ಅನ್ನುವುದು ಇದಕ್ಕೇ. ಅವರು ಹುಡುಗರಾಗಿದ್ದ ಕಾಲಕ್ಕೇ ನಮ್ಮ ದೇಶದಲ್ಲಿ ಅದರ ಕಥೆ ಮುಗಿಯುತ್ತ ಬಂದಿತ್ತು, ಆಮೇಲೆ ಒಂದೂ ಉಳಿಯಲಿಲ್ಲ. ಆ ಚರ್ಮದ ಕೊರಳಿನ ಭಾಗದಲ್ಲಿ ಬೆರಳಗಲ, ಸುತ್ತಲೂ ಕೂದಲೇ ಇಲ್ಲದ ಒಂದು ಪಟ್ಟಿಯಿತ್ತು. ಹುಳು ತಿಂದಿರಬೇಕು ಅಂದುಕೊಂಡು ನುಸಿಗುಳಿಗೆ ತಂದುಕೊಟ್ಟೆ. ಅವರು ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು.

ಮೊಟ್ಟೆ ಕಂಡರೆ ಮುಖ ತಿರುಗಿಸುವ ಮನೆತನ, ಕೂರುವುದಕ್ಕೆ ಮಾತ್ರ ಮಾಂಸ ತಿನ್ನುವ ಪ್ರಾಣಿಯ ಚರ್ಮ. ನಾನು ಇದನ್ನು ಹೇಳಿ ನಕ್ಕರೆ ನನ್ನ ಗಂಡ ಸುಮ್ಮನಿರು ಅಂತ ಕಣ್ಣಲ್ಲೇ ಗದರುತ್ತಿದ್ದ. ಅವನಿಗೆ ಅಪ್ಪನ ಮುಂದೆ ಯಾವಾಗಲೂ ಬಾಯಿ ಕಟ್ಟುತ್ತಿತ್ತು. ನನಗೆ ಆ ಕಾಯಿಲೆ ಇರಲಿಲ್ಲ.

ಆಗ ನಾವು ಸಿಂಗಸಂದ್ರದಲ್ಲಿ ಒಂದು ನೆಲಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಗಂಡನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ನನಗೆ ಹೆಬ್ಬಗೋಡಿ ದಾಟಿದ ಮೇಲೆ ಸಿಗುವ ಒಂದು ಸಣ್ಣ ಅಂಗಾಂಶ ಕೃಷಿ ಲ್ಯಾಬಿನಲ್ಲಿ ಕೆಲಸ. ಬಾಳೆಯ ಕಂದಿನ ಒಳಗಿನ ಎಳೆ ಮೊಳಕೆಯನ್ನು ತೆಗೆದು, ಜಾಮ್ ಬಾಟಲಿಗಳಲ್ಲಿ ಪೋಷಕ ಹಾಕಿ ಬೆಳೆಸಿ, ಒಂದನ್ನು ಎರಡು, ಎರಡನ್ನು ನಾಲ್ಕು ಮಾಡುತ್ತ ಹೋಗುವುದು ನಮ್ಮ ಉದ್ಯೋಗ. ಹೊಸೂರು ರಸ್ತೆಯ ಬಸ್ಸಿನಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಬಾಳೆಗಿಡದ ಬಾಣಂತನ ಅನ್ನುತ್ತಿದ್ದೆ.

ಆ ವರ್ಷ ನಮ್ಮ ಸಾರ್, ಎಂದರೆ ಲ್ಯಾಬಿನ ಯಜಮಾನರು, ನನ್ನ ಕೈಗೆ ಒಂದು ಬೇರೆಯೇ ಕೆಲಸ ಕೊಟ್ಟಿದ್ದರು. ಹಳೆಯ ಒಂದು ರಸಬಾಳೆ ತಳಿ. ಸೊರಗು ರೋಗ ಬಂದು ಊರಿನ ತೋಟಗಳಲ್ಲಿ ಒಂದೊಂದಾಗಿ ಸತ್ತು, ಕೊನೆಗೆ ಸಾರ್ ತಂದ ಒಂದೇ ಗಿಡದ ಕಂದುಗಳು ಉಳಿದಿದ್ದವು. ಗಿಡವೂ ಆಮೇಲೆ ಸತ್ತಿತು. ನಮಗೆ ತಿಳಿದ ಮಟ್ಟಿಗೆ ಆ ತಳಿ ಭೂಮಿಯ ಮೇಲೆ ಬದುಕಿದ್ದದ್ದು ನನ್ನ ಕಪಾಟಿನ ಬಾಟಲಿಗಳಲ್ಲಿ ಮಾತ್ರ. ಇನ್ನೊಂದು ಕೋಣೆಯಲ್ಲಿ ಜೋಡಿ ಬಾಟಲಿಗಳನ್ನು ಇಟ್ಟಿದ್ದೆವು, ಆದರೆ ಬೇಸಿಗೆಯಲ್ಲಿ ಜನರೇಟರ್ ಕೈಕೊಟ್ಟು ಅವೆಲ್ಲ ಬೆಂದುಹೋದವು. ಇವು ಉಳಿದರೆ ತಳಿ ಉಂಟು, ಇಲ್ಲದಿದ್ದರೆ ಇಲ್ಲ. ಈ ಮಾತನ್ನು ಸಾರ್ ಒಂದೇ ಸಲ ಹೇಳಿದ್ದು. ನನಗೆ ಅದು ದಿನಾ ಬಸ್ಸಿನಲ್ಲಿ ಕೇಳಿಸುತ್ತಿತ್ತು.

ಕುರಿಯೊಂದನ್ನು ತದ್ರೂಪು ಮಾಡಿದ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು ಅದೇ ಸುಮಾರಿಗೆ. ಮಾವನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಪತ್ರಿಕೆಯನ್ನು ಸಾಕ್ಷಿಯ ಹೇಳಿಕೆಯಂತೆ ಓದುವ ಮನುಷ್ಯ. ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಚರ್ಮ ಸುತ್ತುತ್ತ, ನನ್ನನ್ನು ಕರೆದು ಕೇಳಿದರು.

"ಒಂದು ಮೊಳಕಿಯಿಂದ ಸಾವಿರ ಬಾಳಿ ಮಾಡ್ತಿ. ಇಷ್ಟಗಲ ಚರ್ಮದಿಂದ ಒಂದ ಒಂದು ಸಿವಂಗಿ ಆಗೂದಿಲ್ಲೇನವಾ?"

ಆಗುವುದಿಲ್ಲ ಅಂದೆ. ಯಾಕೆ ಅಂದರು. ಬಸ್ಸಿಗೆ ಹೊತ್ತಾಗಿತ್ತು, ಆದರೂ ಹೇಳಿದೆ. ಬಾಳೆಯ ಮೊಳಕೆ ಬದುಕಿರುವಂಥದ್ದು, ಅದರ ಒಂದೊಂದು ಜೀವಕಣಕ್ಕೂ ಇಡೀ ಗಿಡವಾಗುವ ದಾರಿ ಗೊತ್ತು. ಪ್ರಾಣಿಯ ಮೈಯ ಕಣ ಹಾಗಲ್ಲ, ಚರ್ಮದ್ದು ಚರ್ಮವಾಗಿ ನಿಂತುಬಿಡುತ್ತದೆ. ಅದನ್ನು ಮತ್ತೆ ಮೊದಲಿಗೆ ತರಬೇಕಾದರೆ ಅದರ ತಿರುಳನ್ನು ತೆಗೆದು, ಇನ್ನೊಂದು ಹೆಣ್ಣು ಪ್ರಾಣಿಯ ಅಂಡವನ್ನು ಬರಿದು ಮಾಡಿ ಅದರೊಳಗೆ ಇಟ್ಟು, ಮೂರನೆಯ ಒಂದರ ಗರ್ಭದಲ್ಲಿ ಬೆಳೆಸಬೇಕು. ಕುರಿಗೇ ನೂರಾರು ಸಲ ಮಾಡಿ ಒಂದು ಉಳಿಯಿತಂತೆ. ಎಲ್ಲಕ್ಕಿಂತ ಮೊದಲು, ತಿರುಳು ಕೊಡುವ ಕಣ ಬದುಕಿರಬೇಕು.

ಮಾವ ಪತ್ರಿಕೆ ಮುಂದೆ ಹಿಡಿದರು. ತಿರುಳು ಕೊಟ್ಟ ಕುರಿ ಆವಾಗಲೇ ಸತ್ತಿತ್ತು ಅಂತ ಇದರಲ್ಲೇ ಬರೆದಿದೆಯಲ್ಲ, ಸತ್ತ ಕುರಿಗೆ ಆಗುವುದು ಸತ್ತ ಸಿವಂಗಿಗೆ ಯಾಕೆ ಆಗಬಾರದು ಎಂದರು. ಕುರಿ ಸತ್ತಿದ್ದರೂ ಅದರ ಕಣಗಳನ್ನು ಬದುಕಿದ್ದಾಗಲೇ ತೆಗೆದು ಶೀತದಲ್ಲಿ ಜೋಪಾನ ಮಾಡಿದ್ದರು ಅಂದೆ. ನಿಮ್ಮದು ಉಪ್ಪು, ಪಟಿಕ ಹಾಕಿ ಹದ ಮಾಡಿದ ತೊಗಲು, ಅದರೊಳಗೆ ಜೀವದ ಸುಳಿವಿಲ್ಲ, ಜೀವದ ದಾರ, ಡಿಎನ್ಎ ಅನ್ನುತ್ತಾರಲ್ಲ, ಅದು ಇದ್ದರೂ ಚೂರುಚೂರಾಗಿರುತ್ತದೆ. ಇಷ್ಟಾದ ಮೇಲೆ ಅಂಡ ಯಾರದು, ಗರ್ಭ ಯಾರದು? ಆಫ್ರಿಕಾದಲ್ಲಿ ಸಿವಂಗಿ ಇನ್ನೂ ಉಂಟಲ್ಲ, ಅವರನ್ನು ಕೇಳಿದರಾಯಿತು ಎಂದರು, ಪಕ್ಕದ ಮನೆಯಿಂದ ಹೆಪ್ಪಿಗೆ ಮೊಸರು ತರುವಷ್ಟು ಸಲೀಸಾಗಿ. ಕೊನೆಗೆ ಅವರ ಪ್ರಶ್ನೆ, ಇದು ಯಾವತ್ತೂ ಆಗುವುದೇ ಇಲ್ಲವೋ, ಈಗ ಆಗುವುದಿಲ್ಲವೋ ಎಂದು. ಮುಂದೆ ಯಾವತ್ತೋ ಚೂರುಗಳನ್ನು ಓದಿ ಜೋಡಿಸಬಹುದೇನೋ, ಈಗ ಇಲ್ಲ ಅಂದೆ. ಸುಳ್ಳು ಹೇಳಲು ಬರಲಿಲ್ಲ. ಆ ಒಂದು 'ಏನೋ' ಅವರಿಗೆ ಸಾಕಾಯಿತು. ಕೋರ್ಟಿನವರಿಗೆ ಅಪೀಲಿಗೆ ಅವಕಾಶ ಉಂಟು ಅಂದರೆ ಅರ್ಧ ಗೆದ್ದ ಹಾಗೆ.

ಇನ್ನೊಂದು ಎಡವಟ್ಟೂ ನನ್ನ ಮಾತಿನಿಂದಲೇ ಹುಟ್ಟಿತ್ತು. ಲ್ಯಾಬು ಹೇಗಿರುತ್ತದೆ ಅಂತ ಹಿಂದೆ ಯಾವಾಗಲೋ ಅವರು ಕೇಳಿದ್ದಾಗ, ನಿಮ್ಮ ಪೂಜಾಕೋಣೆ ಇದ್ದ ಹಾಗೆ ಎಂದಿದ್ದೆ. ಕೈಕಾಲು ತೊಳೆದು, ಒಗೆದ ಬಟ್ಟೆ ತೊಟ್ಟು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಕಂಡಕಂಡದ್ದನ್ನು ಮುಟ್ಟಬಾರದು. ಅವರಿಗೆ ಚೆನ್ನಾಗಿ ಅರ್ಥವಾಗಿತ್ತು. ಸ್ವಲ್ಪ ಜಾಸ್ತಿಯೇ ಅರ್ಥವಾಗಿತ್ತು.

ಆ ಭಾನುವಾರ ನಾನೊಬ್ಬಳೇ ಲ್ಯಾಬಿನಲ್ಲಿದ್ದೆ. ಭಾನುವಾರ ಸುತ್ತಲಿನ ಫ್ಯಾಕ್ಟರಿಗಳು ಮುಚ್ಚಿರುವುದರಿಂದ ಕರೆಂಟು ನೆಟ್ಟಗಿರುತ್ತದೆ. ರಸಬಾಳೆಯ ಅಷ್ಟೂ ಬಾಟಲಿಗಳನ್ನು ಹೊಸ ಪೋಷಕಕ್ಕೆ ಬದಲಿಸುವ ದಿನ. ಶುದ್ಧ ಗಾಳಿ ಬೀಸುವ ಮೇಜಿನ ಮುಂದೆ ಕುಳಿತು, ಮುಚ್ಚಳ ತೆಗೆದು, ಸುಟ್ಟ ಚಿಮುಟದಿಂದ ಮೊಳಕೆಗಳನ್ನು ಎತ್ತಿ, ಕೊಯ್ದು, ಹೊಸ ಬಾಟಲಿಗೆ ಇಳಿಸುತ್ತಿದ್ದೆ. ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಕಾವಲುಗಾರ ಇರಬೇಕೆಂದು ತಿರುಗಲಿಲ್ಲ.

ಮಾವನವರು. ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಹಣೆಗೆ ಮೂರೆಳೆ ವಿಭೂತಿ ಬಳಿದು, ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದು, ಬರಿಗಾಲಲ್ಲಿ ಎರಡೂ ಬಾಗಿಲು ದಾಟಿ ಬಂದಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಪಕ್ಕಕ್ಕೆ ಬಂದು, ಆ ಕೋಣೆಯಲ್ಲಿ ಎಲ್ಲಕ್ಕಿಂತ ಶುದ್ಧವಾದ ಜಾಗ ಇದೇ ಎಂದು ಸರಿಯಾಗಿಯೇ ಊಹಿಸಿ, ಬಟ್ಟೆಯ ಗಂಟು ಬಿಚ್ಚಿ ಮೇಜಿನ ಮೇಲೆ ಚರ್ಮ ಹರಡಿಬಿಟ್ಟರು. ಬೆಳಿಗ್ಗೆ ಎದ್ದು ಅದನ್ನು ಬಡಿದು, ಲೋಬಾನದ ಹೊಗೆ ಹಾಕಿ, ಮೇಲಿಂದ ವಿಭೂತಿ ಉದುರಿಸಿ ತಂದಿದ್ದರಂತೆ. ಗಾಳಿಗೆ ಬೂದಿ ಎದ್ದಿತು. ಬೂದಿಯ ಜೊತೆಗೆ ಎಷ್ಟೋ ವರ್ಷಗಳ ಧೂಳು. ತೆರೆದ ಬಾಟಲಿಗಳ ಬಾಯಲ್ಲಿ, ನನ್ನ ಕನ್ನಡಕದ ಮೇಲೆ, ಕೊಯ್ದಿಟ್ಟ ಮೊಳಕೆಗಳ ಮೇಲೆ ಅದು ಮೆಲ್ಲಗೆ ಇಳಿಯುವುದನ್ನು ಟ್ಯೂಬ್‌ಲೈಟಿನ ಬೆಳಕಿನಲ್ಲಿ ನೋಡಿದೆ.

ಅವರು ಬಹಳ ಸಮಾಧಾನದಿಂದ, ಎಲ್ಲಿಂದ ಬೇಕೋ ಅಲ್ಲಿಂದ ಒಂದು ಚೂರು ತೆಗೆದುಕೋ ಎಂದರು.

ನಾನು ಆವತ್ತು ಬಯ್ಯಲಿಲ್ಲ. ಚರ್ಮ ಸುತ್ತಿ ಅವರ ಕೈಗೆ ಕೊಟ್ಟು, ಬಸ್‌ಸ್ಟಾಪಿನವರೆಗೂ ಬಿಟ್ಟು ಬಂದೆ. ಕಾವಲುಗಾರನನ್ನು ಹಿಡಿದು ಕೇಳಿದರೆ ಅವನು ಕಣ್ಣರಳಿಸಿ, "ನಿಮ್ಮ ಮಾವನೋರು ಅಂದ್ರು, ಪೂಜೆ ಸಾಮಾನು ಅಂದ್ರು. ಎಂಗೆ ಬ್ಯಾಡ ಅನ್ನಾನ ಅಕ್ಕ?" ಅಂದ. ಅವನದೇನು ತಪ್ಪು.

ಬೂಷ್ಟು ತಕ್ಷಣ ಕಾಣಿಸುವುದಿಲ್ಲ. ಅದೇ ನರಕ. ಬಾಟಲಿಗಳನ್ನು ಮುಚ್ಚಿ ಕಪಾಟಿನಲ್ಲಿ ಇಟ್ಟು ಕಾಯುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಸಾರ್‌ಗೆ ಸೋಮವಾರ ಎಲ್ಲವನ್ನೂ ಹೇಳಿದೆ. ಅವರು ಕೂಗಾಡುವ ಮನುಷ್ಯರಲ್ಲ. "ಮೊದ್ಲು ಆ ಚರ್ಮ ಈ ಕಡೆ ಮತ್ತೆ ಬರಬಾರದಮ್ಮ. ಫಾರೆಸ್ಟ್‌ನೋರಿಗೆ ಗೊತ್ತಾದ್ರೆ ಬಾಳೆ ಬಿಡು, ನಮ್ಮನ್ನೇ ಬಾಟ್ಲೀಲಿ ಹಾಕಿ ಮುಚ್ತಾರೆ" ಅಂದರು. ಆಮೇಲೆ ಕಪಾಟಿನ ಮುಂದೆ ಬಂದು ಕೈಕಟ್ಟಿ ಬಹಳ ಹೊತ್ತು ನಿಂತರು. ಆ ತಳಿಯ ಹಣ್ಣನ್ನು ತಿಂದಿದ್ದವರು ಲ್ಯಾಬಿನಲ್ಲಿ ಅವರೊಬ್ಬರೇ.

ವಾರದ ಮಧ್ಯಕ್ಕೆ ಮೊದಲ ಬಾಟಲಿಯ ಅಂಚಿನಲ್ಲಿ ಬಿಳಿ ನೂಲಿನಂಥದು ಕಾಣಿಸಿತು. ಮರುದಿನಕ್ಕೆ ಹಸಿರು ಪುಡಿಯಾಯಿತು. ಅದನ್ನು ತೆರೆಯದೆ ಹಾಗೆಯೇ ಒಯ್ದು ಆವಿಯಲ್ಲಿ ಬೇಯಿಸಿ ಚೆಲ್ಲಬೇಕು, ಇಲ್ಲದಿದ್ದರೆ ಪಕ್ಕದವುಗಳಿಗೂ ಹರಡುತ್ತದೆ. ಆಮೇಲೆ ಮತ್ತೊಂದು. ಮತ್ತೊಂದು. ಕಪಾಟಿನ ಹತ್ತಿರ ಹೋಗಲು ಭಯ, ಹೋಗದೆ ಇರಲು ಇನ್ನೂ ಭಯ. ಕೊಳೆತದ್ದನ್ನು ತೆಗೆದಾಗ ಅದರ ಜಾಗ ಖಾಲಿ ಕಾಣಬಾರದೆಂದು ಉಳಿದವನ್ನು ಸರಿಸಿ ಇಡುತ್ತಿದ್ದೆ. ಅದರಿಂದ ಯಾರಿಗೇನು ಪ್ರಯೋಜನವೋ ಗೊತ್ತಿಲ್ಲ.

ಮನೆಯಲ್ಲಿ ಅದಕ್ಕಿಂತ ಕಷ್ಟ. ಸಂಜೆ ಗೇಟು ತೆರೆದರೆ ಮಾವನವರು ಮುಂದಿನ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಹೇಗಿವೆ ಅಂತ ಕೇಳುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದೆ. ರೊಟ್ಟಿ ಬಡಿಯುವಾಗ ಕಲ್ಲು ಒಡೆಯುವ ಹಾಗೆ ಬಡಿಯುತ್ತಿದ್ದೆ. ಗಂಡ ನನ್ನನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿ, ಬಾವಿಯಲ್ಲಿ ಬಿದ್ದವನಂತೆ ಇಬ್ಬರ ನಡುವೆ ಊಟ ಮಾಡಿ ಶಿಫ್ಟಿಗೆ ಓಡುತ್ತಿದ್ದ. ಮಾವನವರು ಪೂಜೆಗೆ ಆ ಚರ್ಮ ಹಾಸುವುದನ್ನು ನಿಲ್ಲಿಸಿ ಮಣೆಯ ಮೇಲೆ ಕೂರುತ್ತಿದ್ದಾರೆ ಎಂಬುದನ್ನು ಗಮನಿಸಿದೆ. ಅದಕ್ಕೂ ನನಗೆ ಸಿಟ್ಟೇ ಬಂತು. ಕೆಡಿಸುವುದನ್ನು ಕೆಡಿಸಿ ಈಗ ಮಣೆ.

ಕೊನೆಗೆ ಒಂದೇ ಬಾಟಲಿ ಉಳಿಯಿತು. ಒಂದು ಶನಿವಾರ ಬೆಳಿಗ್ಗೆ ಅದರ ಅಂಚಿನಲ್ಲೂ ಬಿಳಿ ನೂಲು ಕಂಡಿತು. ಮೊಳಕೆಯನ್ನು ಇನ್ನೂ ಮುಟ್ಟಿರಲಿಲ್ಲ, ದಡದಲ್ಲಿತ್ತು. ಸಾರ್ ನನ್ನ ಮುಖ ನೋಡಿ, ಮಾಡಿನೋಡಮ್ಮ ಎಂದರು. ಮಾಡುವುದು ಎಂದರೆ ಮೊಳಕೆಯನ್ನು ಹೊರತೆಗೆದು, ಪದರ ಪದರವಾಗಿ ಸುಲಿದು, ರಾಗಿ ಕಾಳಿಗಿಂತ ತುಸು ದೊಡ್ಡದಾದ ಒಳತುದಿಯೊಂದನ್ನೇ ಉಳಿಸಿ, ಬ್ಲೀಚ್ ನೀರಿನಲ್ಲಿ ಅದ್ದಿ, ತೊಳೆದು, ಹೊಸ ಬಾಟಲಿಗೆ ಹಾಕುವುದು. ಅದ್ದಿದ್ದು ಕಮ್ಮಿಯಾದರೆ ಬೂಷ್ಟು ಉಳಿಯುತ್ತದೆ, ಜಾಸ್ತಿಯಾದರೆ ಮೊಳಕೆಯೇ ಸಾಯುತ್ತದೆ. ಹೆಚ್ಚಿನವು ಎರಡರಲ್ಲಿ ಒಂದಕ್ಕೆ ಸಾಯುತ್ತವೆ. ಮಾಡಿದೆ. ಚಾಕು ಹಿಡಿದು ಮೊಣಕೈಯನ್ನು ಮೇಜಿಗೆ ಊರಿಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ತುದಿ ಕಪ್ಪಗಾಯಿತು. ಬಾಳೆ ಕೊಯ್ದರೆ ಕಪ್ಪಾಗುವುದು ಸಹಜ, ಸತ್ತರೂ ಕಪ್ಪೇ. ಎರಡಕ್ಕೂ ವ್ಯತ್ಯಾಸ ತಿಳಿಯಲು ಮತ್ತೆ ಕಾಯಬೇಕು.

ಮನೆಗೆ ಬಂದರೆ ಕುರ್ಚಿಯಿಂದ ಅದೇ ಪ್ರಶ್ನೆ. ಆ ದಿನ ತಡೆದುಕೊಳ್ಳಲಾಗಲಿಲ್ಲ.

"ಸತ್ತಿದ್ದು ಬರಲ್ಲ ಮಾವ. ಅದನ್ನ ತರ್ತೀನಿ ಅಂತ ಹೋಗಿ, ಬದುಕಿದ್ದಿದ್ದನ್ನ ಕೊಂದುಬಿಟ್ರಿ."

ಸೊಸೆ ಮಾವನಿಗೆ ಆಡುವ ಮಾತಲ್ಲ. ಆಡಿ ಆಗಿತ್ತು. ಅವರು ಎದ್ದು ಒಳಗೆ ಹೋದರು. ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಚರ್ಮದ ಸುರುಳಿ ಹಿಡಿದು ಹೊರಗೆ ಬಂದು, ನನ್ನ ಮುಂದೆ ನೆಲದ ಮೇಲೆ ಬಿಡಿಸಿ, ಕೊರಳಿನ ಆ ಬೋಳು ಪಟ್ಟಿಯ ಮೇಲೆ ಬೆರಳಿಟ್ಟರು.

ಅವರ ಅಪ್ಪ ಒಂದು ಸಣ್ಣ ಸಂಸ್ಥಾನದಲ್ಲಿ ಲೆಕ್ಕಪತ್ರ ನೋಡುತ್ತಿದ್ದವರು. ಜಿಂಕೆಯ ಬೇಟೆಗೆಂದು ಅಲ್ಲಿ ಸಿವಂಗಿಗಳನ್ನು ಪಳಗಿಸಿ ಸಾಕುತ್ತಿದ್ದರಂತೆ. ಬೇಟೆ ನಿಂತುಹೋದ ಮೇಲೆ ಕೊನೆಗೆ ಉಳಿದ ಒಂದನ್ನು ಇವರ ಮನೆಯ ಹಿತ್ತಲಲ್ಲಿ ಕಟ್ಟಿಹಾಕಿದರು. ಮಾಂಸ ಹಾಕಲು ಹೊರಗಿನಿಂದ ಒಬ್ಬ ಬರುತ್ತಿದ್ದ. ಅದು ಘರ್ಜಿಸುತ್ತಿರಲಿಲ್ಲ, ಹಕ್ಕಿಯ ಹಾಗೆ ಚಿಲಿಚಿಲಿ ಕೂಗುತ್ತಿತ್ತು. ಶಾಲೆಯಿಂದ ಬಂದ ಹುಡುಗನ ಹೆಜ್ಜೆ ಕೇಳಿದರೆ ಮಾತ್ರ ಹಾಗೆ ಕೂಗುತ್ತಿತ್ತಂತೆ. ಕೊರಳ ಪಟ್ಟಿ ಬಿಗಿಯಾಗಿ ಕೂದಲು ಉದುರಿದ್ದ ಜಾಗಕ್ಕೆ ಹುಡುಗ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ. ಪಟ್ಟಿ ಬಿಚ್ಚಲು ಅಪ್ಪನನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ. ಒಂದು ದಿನ ಬಂದರೆ ಹಿತ್ತಲು ಖಾಲಿ. ಅಡವಿಗೆ ಬಿಟ್ಟು ಬಂದೆವು ಎಂದು ಮನೆಯಲ್ಲಿ ಹೇಳಿದರು. ಕೆಲವು ತಿಂಗಳ ಮೇಲೆ ಅಪ್ಪ ಪೂಜೆಗೆ ಹೊಸ ಆಸನ ಹಾಸಿದರು.

"ಅಡವಿಗೆ ಹೋಗಿಲ್ಲ ಅನ್ನೂದು ನನಗ ಅವತ್ತ ಗೊತ್ತಾತು" ಅಂದರು ಮಾವ. "ಯಾರಿಗೂ ಹೇಳಿಲ್ಲ. ಅಪ್ಪ ಹೋದ ಮ್ಯಾಲೆ ನಾನ ಕುಂತೆ."

ಇಷ್ಟು ದಿನ ನಾನು ಒಂದು ಜಾತಿಯ ಪ್ರಾಣಿಯ ಬಗ್ಗೆ ಉತ್ತರ ಕೊಡುತ್ತಿದ್ದೆ. ಅವರು ಒಂದೇ ಒಂದರ ಬಗ್ಗೆ ಕೇಳುತ್ತಿದ್ದರು. ನನಗೆ ಅಳು ಬಂತು, ಸಿಟ್ಟೂ ಹೋಗಿರಲಿಲ್ಲ, ಎರಡೂ ಒಟ್ಟಿಗೇ ಇದ್ದವು.

"ಆಗೂದಿಲ್ಲ ಅಂದಿ, ಒಪ್ಪಿದೆ. ಒಂದು ವ್ಯಾಳ್ಯಾ ಆತು ಅಂತಿಟ್ಟುಕೋ. ಅದು ನನ್ನ ಗುರ್ತ ಹಿಡೀತಿತ್ತೇನು?"

ಏನಾದರೂ ಹೇಳಿ ಸಮಾಧಾನ ಮಾಡಬಹುದಿತ್ತು. ಆದರೆ ಹಿಂದಿನ ಸಲದ ಒಂದು 'ಏನೋ' ಎಲ್ಲಿಯವರೆಗೆ ಬಂದಿತ್ತೆಂದು ನನಗೆ ಗೊತ್ತಿತ್ತು. ಇಲ್ಲ ಮಾವ, ಅದು ಹೊಸದಾಗಿ ಹುಟ್ಟಿದ ಮರಿ, ಅದರ ಅವಳಿ ಅಂದುಕೊಳ್ಳಿ, ಇದು ಕಂಡದ್ದು ಕೇಳಿದ್ದು ಯಾವುದೂ ಅದಕ್ಕೆ ಬರುವುದಿಲ್ಲ ಎಂದೆ. ಕೊರಳಿನ ಗುರುತು ಎಂದು ಕೇಳಿದರು. ಅದೂ ಇರುವುದಿಲ್ಲ ಎಂದೆ.

"ಹಂಗಾರ ಅದು, ಅದಲ್ಲ" ಎಂದು ಚರ್ಮ ಸುತ್ತಿದರು. ಕೇಸು ಮುಗಿದ ಹಾಗೆ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಹಾರೆಯ ಸದ್ದು. ಮನೆ ಕಟ್ಟಿದವರು ಉಳಿದ ಇಟ್ಟಿಗೆ, ಜಲ್ಲಿ ಎಲ್ಲವನ್ನೂ ಆ ಮೂಲೆಯಲ್ಲೇ ಹೂತಿದ್ದರಿಂದ ನೆಲ ಬಗ್ಗುತ್ತಿರಲಿಲ್ಲ. ಅವರ ಕೈಯಿಂದ ಹಾರೆ ತೆಗೆದುಕೊಂಡು ನಾನೂ ಅಗೆದೆ. ಗಂಡ ಶಿಫ್ಟ್ ಮುಗಿಸಿ ಬಂದವನು ಊಟದ ಡಬ್ಬಿ ಕೆಳಗಿಟ್ಟು ಮಣ್ಣು ಎಳೆದ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಹೂಳುತ್ತೇವೆ. ಮಾವನವರು ಚರ್ಮವನ್ನು ಕೂತ ಪ್ರಾಣಿಯ ಹಾಗೆ ಮಡಿಸಿ ಗುಣಿಗೆ ಇಳಿಸಿದರು. ಸುತ್ತ ವಿಭೂತಿ ಗಟ್ಟಿ, ಮೇಲೆ ಪತ್ರೆ. ಎಲ್ಲ ಆದ ಮೇಲೆ ಬಗ್ಗಿ, ಕೊರಳಿನ ಬೋಳು ಪಟ್ಟಿಯ ಮೇಲೆ ಹೆಬ್ಬೆರಳಿನಿಂದ ಎಣ್ಣೆ ಹಚ್ಚಿದರು.

"ಇನ್ನ ಕಟ್ಟೂದಿಲ್ಲ ಬಿಡು" ಅಂದರು.

ಲ್ಯಾಬಿನಲ್ಲಿ ಆ ಕಪ್ಪು ತುದಿ ಕಪ್ಪಾಗಿಯೇ ಕೂತಿತ್ತು. ಬೂಷ್ಟಿನ ನೂಲು ಬರಲಿಲ್ಲ, ಹಸಿರೂ ಬರಲಿಲ್ಲ. ದಿನಕ್ಕೆ ಒಮ್ಮೆ ಮಾತ್ರ ನೋಡಬೇಕೆಂದು ಸಾರ್ ಹೇಳಿದ್ದರು. ನಾನು ಬೆನ್ನು ತಿರುಗಿಸಿ ಹೋಗಿ ಮತ್ತೆ ಬರುತ್ತಿದ್ದೆ. ಸಂಜೆ ಗೇಟಿನ ಬಳಿ ಮಾವ ಏನನ್ನೂ ಕೇಳುತ್ತಿರಲಿಲ್ಲ. ಕೇಳದಿದ್ದರೂ ನಾನೇ ನಿಂತು, ಇನ್ನೂ ಗೊತ್ತಿಲ್ಲ ಎನ್ನುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು.

ಹೀಗೆ ಎಷ್ಟೋ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಟಲಿಯನ್ನು ಬೆಳಕಿಗೆ ಹಿಡಿದರೆ, ಕಪ್ಪಿನ ನಡುವಿನಿಂದ ಸೂಜಿಮೊನೆಯಷ್ಟು ಹಸಿರು ಹೊರಗೆ ಬಂದಿತ್ತು. ಸಾರ್‌ಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಮಧ್ಯಾಹ್ನವೇ ರಜೆ ಕೇಳಿ, ಸಿಕ್ಕಿದ ಬಸ್ಸು ಹತ್ತಿ ಮನೆಗೆ ಬಂದೆ. ದಾರಿಯುದ್ದಕ್ಕೂ ನಿಂತೇ ಬಂದೆ, ಕೂರಲು ಜಾಗವಿದ್ದರೂ.

ಮಾವನವರು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಗೇಟಿನಿಂದಲೇ, "ಬದುಕ್ತು ಮಾವ" ಅಂದೆ.

ಅವರು ದಡಕ್ಕನೆ ಎದ್ದು ನಿಂತರು. ಎಪ್ಪತ್ತರ ಆ ಮುಖ ನನಗೆ ಗೊತ್ತೇ ಇಲ್ಲದ ಒಬ್ಬ ಹುಡುಗನದಾಗಿತ್ತು. ಕಣ್ಣು ಹಿತ್ತಲ ಕಡೆಗೆ ಹೋಯಿತು.

"ಯಾವುದು?" ಅಂದರು.

ಬಾಳೆ ಅಂದೆ.

"ಹಾಂ. ಬಾಳಿ" ಎಂದರು. ಮತ್ತೆ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕೂತುಕೊಂಡರು.